ಹನ್ನೊಂದನೆಯ ಪುಟದ ಅಜ್ಜಿ

ಮಿಸಾವೊಗೆ ಸಿಟ್ಟು ಬಂದಿದೆ ಎಂಬುದು ಸುಸುಬೆತ್ಸು ಹಳ್ಳಿಗೆ ಗೊತ್ತಾಗಲು ಮೂರು ದಿನ ಹಿಡಿಯಿತು. ಆಕೆ ಬೀದಿಗೆ ಬಂದು ಕೂಗಾಡುವ ಹೆಂಗಸಲ್ಲ. ಸಿಟ್ಟು ಬಂದರೆ ಬಾಗಿಲ ಬಳಿ ಕೂತು ನಾರು ಸೀಳುತ್ತಾಳೆ. ಎಲ್ಮ್ ಮರದ ಒಳತೊಗಟೆಯನ್ನು ನೆನೆಹಾಕಿ, ಪದರ ಬಿಡಿಸಿ, ತೆಳುವಾಗಿ ಸೀಳಿ, ಬಾಯಲ್ಲಿಟ್ಟು ಒದ್ದೆ ಮಾಡಿ, ಒಂದರ ತುದಿಗೆ ಇನ್ನೊಂದನ್ನು ಗಂಟು ಹಾಕಿ ಉಂಡೆ ಸುತ್ತುವುದು ಐವತ್ತಾರು ವರ್ಷದ ಆ ವಿಧವೆಯ ಕಸುಬು. ಆ ನಾರಿನಿಂದ ನೇಯ್ದ ಬಟ್ಟೆಯನ್ನು ಪ್ರವಾಸಿಗರ ಅಂಗಡಿಯವರು ಕೊಳ್ಳುತ್ತಾರೆ. ನಲವತ್ತು ವರ್ಷ ನಾರು ಕಚ್ಚಿ ಕಚ್ಚಿ ಅವಳ ಮುಂದಿನ ಹಲ್ಲುಗಳು ಸವೆದು ಅರ್ಧವಾಗಿವೆ. ಆ ಮೂರು ದಿನದಲ್ಲಿ ಅವಳು ಒಂದು ತಿಂಗಳಿಗಾಗುವಷ್ಟು ಉಂಡೆ ಸುತ್ತಿ ಗುಡ್ಡೆ ಹಾಕಿದ್ದಳು. ಅದನ್ನು ಕಂಡ ಪಕ್ಕದ ಮನೆಯವಳು ಹೊಸ್ತಿಲು ದಾಟದೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು.

ಸಿಟ್ಟಿಗೆ ಕಾರಣ ಒಂದು ಪುಸ್ತಕ. ಅದು ಹೊಕ್ಕೈಡೊ ದ್ವೀಪಕ್ಕೆಲ್ಲ ಶತಮಾನೋತ್ಸವದ ವರ್ಷ. ಯಾವುದರ ಶತಮಾನ ಎಂದು ಕೇಳಿದರೆ, ಟೋಕಿಯೊ ಸರಕಾರ ಈ ನೆಲಕ್ಕೊಂದು ಹೊಸ ಹೆಸರಿಟ್ಟು, ಇನ್ನು ಮೇಲೆ ಇದು ನಮ್ಮದು ಎಂದು ಬರೆದುಕೊಂಡ ಶತಮಾನ. ಇಲ್ಲಿನ ಹೊಳೆಗೂ ಬೆಟ್ಟಕ್ಕೂ ಯಾವುದೋ ಕಾಲದಲ್ಲೇ ಹೆಸರಿಟ್ಟಿದ್ದ ಐನು ಜನರಿಗೆ, ಅಂದರೆ ಮಿಸಾವೊಳ ಕುಲದವರಿಗೆ, ಆ ಹಬ್ಬದಲ್ಲಿ ಕುಣಿಯುವ ಕೆಲಸ ಕೊಟ್ಟಿದ್ದರು. ಊರೂರಲ್ಲೂ ಬಾವುಟ, ಬ್ಯಾಂಡು, ಭಾಷಣ. ತಾವು ಹಿಂದೆ ಬೀಳಬಾರದೆಂದು ಸುಸುಬೆತ್ಸುವಿನ ಪಂಚಾಯಿತಿಯವರು ಊರಿನ ಚರಿತ್ರೆಯನ್ನೇ ಅಚ್ಚು ಹಾಕಿಸಿದರು. ಬಟ್ಟೆಯ ರಟ್ಟು, ಚಿನ್ನದ ಅಕ್ಷರ, ಆರುನೂರ ನಲವತ್ತು ಪ್ರತಿ. ಸೆಪ್ಟೆಂಬರ್ ಎರಡರಂದು ಶಾಲೆಯ ಪ್ರತಿಯೊಂದು ಮಗುವಿಗೂ ಒಂದೊಂದು ಹಂಚುವುದೆಂದು ತೀರ್ಮಾನವಾಗಿತ್ತು. ಮಿಸಾವೊಳ ಮೊಮ್ಮಗಳು ನಾತ್ಸುಕೊ ಅದೇ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದಳು.

ಪುಸ್ತಕ ಬರೆದವರು ನಿವೃತ್ತ ಹೆಡ್‌ಮಾಸ್ಟರ್ ಓಬಾತಾ. ದುಷ್ಟ ಮನುಷ್ಯನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಓಬಾತಾ ಮೇಷ್ಟ್ರು ಒಳ್ಳೆಯವರು, ಅದೇ ತೊಂದರೆ. ಅರವತ್ತು ವರ್ಷ, ಬೇಸಿಗೆಯಲ್ಲೂ ತಲೆಯ ಮೇಲೆ ಟೋಪಿ, ದಾರಿಯಲ್ಲಿ ನಾಯಿ ಎದುರಾದರೂ ಬಗ್ಗಿ ವಂದಿಸುವಷ್ಟು ವಿನಯ. ಮಿಸಾವೊ ಹಾಕುವ ಕಾಡುಬೆಳ್ಳುಳ್ಳಿಯ ಉಪ್ಪಿನಕಾಯಿ ಎಂದರೆ ಅವರಿಗೆ ಪ್ರಾಣ. ಮಾರ್ಚ್ ತಿಂಗಳಿನಲ್ಲಿ ಅವರು ಅವಳ ಒಲೆಯ ಪಕ್ಕ ಕೂತು, ಊರಿನ ಚರಿತ್ರೆಯಲ್ಲಿ ನಿಮ್ಮವರಿಗೆ ಗೌರವದ ಜಾಗ ಇರಬೇಕು, ಮೊದಲ ಅಧ್ಯಾಯವೇ ನಿಮ್ಮದು, ಹಳೆಯ ಫೋಟೋ ಏನಾದರೂ ಇದೆಯೇ ಎಂದು ಕೇಳಿದ್ದರು.

ಇದ್ದದ್ದು ಒಂದೇ. ಐನುಗಳ ತಲೆಬುರುಡೆ ಅಳೆಯಲೆಂದು ಒಂದು ಕಾಲದಲ್ಲಿ ಊರಿಗೆ ಬಂದಿದ್ದ ಯಾವನೋ ಪ್ರೊಫೆಸರು ತೆಗೆದ ಅಜ್ಜಿಯ ಫೋಟೋ. ಅಜ್ಜಿ ಮರದ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ. ದೊಡ್ಡ ಕೈಗಳು ಮಡಿಲಲ್ಲಿವೆ. ಬಾಯಿಯ ಸುತ್ತ, ಕೆನ್ನೆಯತ್ತ ಏರಿದ ಕಡುನೀಲಿ ಹಚ್ಚೆ. ಮಿಸಾವೊ ಅದನ್ನು ಬಟ್ಟೆಯಿಂದ ಬಿಚ್ಚಿ ಎರಡೂ ಕೈಯಿಂದ ಕೊಟ್ಟಳು. ಇವರ ಹೆಸರೇನು ಎಂದು ಮೇಷ್ಟ್ರು ಕೇಳಿದರು. ಅವಳು ಬಾಯಿ ತೆರೆಯಲಿಲ್ಲ. ಸತ್ತವರ ಹೆಸರನ್ನು ಐನುಗಳು ಬಾಯಿಬಿಟ್ಟು ಹೇಳುವುದಿಲ್ಲ. ಕರೆದರೆ, ಹೊರಟವರು ದಾರಿಯಲ್ಲಿ ನಿಂತು ತಿರುಗಿ ನೋಡುತ್ತಾರೆ. ಅವಳು ಎದ್ದು ಚಹಾಕ್ಕೆ ನೀರಿಟ್ಟಳು. ಮೇಷ್ಟ್ರು ತಮ್ಮ ನೋಟುಬುಕ್ಕಿನಲ್ಲಿ ಏನೋ ಗೀಚಿಕೊಂಡರು.

ಕೊಟ್ಟವಳು ಕೋಡಂಗಿ, ಇಸ್ಕೊಂಡವನು ವೀರಭದ್ರ. ಆಗಸ್ಟ್ ಕೊನೆಯಲ್ಲಿ ಫೋಟೋ ವಾಪಸು ಬಂತು. ಜೊತೆಗೆ ಒಂದು ಡಬ್ಬ ಅಕ್ಕಿ ಬಿಸ್ಕತ್ತು, ಕೃತಜ್ಞತೆಯ ಕಾಗದ, ಪುಸ್ತಕದ ಮುಂಗಡ ಪ್ರತಿ. ಹನ್ನೊಂದನೆಯ ಪುಟದ ಕೆಳಗಿನ ಅರ್ಧದಲ್ಲಿ ಅಜ್ಜಿ ಇದ್ದಳು. ಮೇಲಿನ ಅರ್ಧದಲ್ಲಿ, ಸಾವಿರ ವರ್ಷಕ್ಕೂ ಹಿಂದೆ ಜಪಾನಿನ ಆಸ್ಥಾನದ ಬರಹಗಾರರು ಪೂರ್ವದ ಕಾಡುಜನರ ಬಗ್ಗೆ ಬರೆದಿಟ್ಟ ಮಾತುಗಳಿದ್ದವು. ಆ ಜನ ಚಳಿಗಾಲದಲ್ಲಿ ಬಿಲದಲ್ಲೂ ಬೇಸಿಗೆಯಲ್ಲಿ ಗೂಡಿನಲ್ಲೂ ಇರುತ್ತಾರಂತೆ. ತೊಗಲು ಉಡುತ್ತಾರಂತೆ, ರಕ್ತ ಕುಡಿಯುತ್ತಾರಂತೆ. ಮಾಡಿದ ಉಪಕಾರವನ್ನು ಮರೆತುಬಿಡುತ್ತಾರಂತೆ. ಫೋಟೋದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಹಿಂದಿನ ಕಾಲದ ಕಾಡುಜನರ ಹೆಂಗಸು, ಹೆಸರು ತಿಳಿಯದು.’

ಮಿಸಾವೊಗೆ ಮೈಯೆಲ್ಲ ಉರಿದುಹೋಯಿತು. ಆ ಮಾತುಗಳು ಅವಳಿಗೆ ಹೊಸವಲ್ಲ. ಎಂಟು ವರ್ಷದವಳಿದ್ದಾಗ ತರಗತಿಯಲ್ಲಿ ಅಂದಿನ ಮೇಷ್ಟ್ರು ಅವನ್ನು ಗಟ್ಟಿಯಾಗಿ ಓದಿದ್ದರು. ರಕ್ತ ಎಂಬ ಮಾತು ಬರುತ್ತಿದ್ದಂತೆ ನಲವತ್ತು ತಲೆಗಳು ಅವಳ ಕಡೆ ತಿರುಗಿದ್ದವು. ಅವತ್ತಿನಿಂದ ಪಕ್ಕದ ಬೆಂಚಿನ ಹುಡುಗಿ ಬೆರಳು ಕೊಯ್ದುಕೊಂಡರೂ ಸಾಕು, ಇವಳ ಮೂತಿಯ ಮುಂದೆ ಹಿಡಿದು ‘ತಗೋ, ಊಟ’ ಎನ್ನುತ್ತಿದ್ದಳು. ನಾಲ್ಕನೆಯ ತರಗತಿ ಮುಗಿಸಿ ಮಿಸಾವೊ ಶಾಲೆ ಬಿಟ್ಟಳು. ನಲವತ್ತೆಂಟು ವರ್ಷವಾದ ಮೇಲೂ ಅದೇ ಮಾತು, ಈಗ ಅದರ ಕೆಳಗೆ ಅಜ್ಜಿಯ ಬಾಯಿ. ಅದನ್ನು ತೆಗೆದು ಕೊಟ್ಟವಳು ತಾನೇ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಕುಟುಕಿತು.

ಅಜ್ಜಿ ಸೂಲಗಿತ್ತಿಯಾಗಿದ್ದಳು. ತಾಯಿ ಕ್ಷಯದಿಂದ ಸತ್ತ ಮೇಲೆ ಮಿಸಾವೊಳನ್ನೂ ಅವಳ ತಮ್ಮ ತೊಮೆಜಿಯನ್ನೂ ಸಾಕಿದವಳು ಅವಳೇ. ಬಾಯಿಯ ಹಚ್ಚೆಯನ್ನು ಸರಕಾರ ನಿಷೇಧಿಸುವ ಮೊದಲೇ, ಭೂರ್ಜ ಮರದ ತೊಗಟೆ ಸುಟ್ಟ ಮಸಿಯಿಂದ, ಅವಳ ತಾಯಿ ವರ್ಷಕ್ಕಿಷ್ಟು ಎಂದು ಹಾಕಿ ಮುಗಿಸಿದ್ದಳು. ಹಚ್ಚೆ ಇಲ್ಲದೆ ಹೋದರೆ ಆಚೆ ಲೋಕದಲ್ಲಿ ಹಿರಿಯರು ಗುರುತು ಹಿಡಿಯುವುದಿಲ್ಲ ಎಂದು ಅಜ್ಜಿ ನಗುತ್ತಿದ್ದಳು. ಕಣಿವೆಗೆ ವಲಸೆ ಬಂದ ಜಪಾನೀ ರೈತರ ಹೆಂಗಸರು ಹಗಲಲ್ಲಿ ಆ ಬಾಯಿ ನೋಡಿ ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಹೆರಿಗೆ ನೋವು ಕಾಣಿಸಿಕೊಂಡರೆ ಅವರ ಗಂಡಂದಿರೇ ಓಡಿಬಂದು ಇದೇ ಮನೆಯ ಹಿತ್ತಿಲ ಬಾಗಿಲು ತಟ್ಟುತ್ತಿದ್ದರು. ಅಜ್ಜಿ ಯಾರ ಮನೆಗೂ ಇಲ್ಲ ಎಂದವಳಲ್ಲ. ಯಾರ ಮನೆಯಲ್ಲಿ ಏನಾಯಿತು ಎಂದು ಹೊರಗೆ ಹೇಳಿದವಳೂ ಅಲ್ಲ. ಹೆರಿಗೆ ಮನೆಯ ಮಾತು ಹೆರಿಗೆ ಮನೆಯಲ್ಲೇ ಹೂತುಹಾಕಬೇಕು ಎಂಬುದು ಅವಳ ಕಟ್ಟಳೆ. ಮೊಮ್ಮಗಳಿಗೆ ಕೆಲಸ ಕಲಿಸುವಾಗ ಮಾತ್ರ ಅಲ್ಲೊಂದು ಇಲ್ಲೊಂದು ಹೇಳಿದ್ದುಂಟು, ಬಾಯಿ ಬಿಟ್ಟೀಯೆ ಜೋಕೆ ಎಂದು ಎಚ್ಚರಿಸಿಯೇ.

ನಾಲ್ಕನೆಯ ದಿನ ಮಿಸಾವೊ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮನ ಅಂಗಡಿಗೆ ಹೋದಳು. ತೊಮೆಜಿ ಮರದ ಕರಡಿ ಕೆತ್ತಿ ಮಾರುತ್ತಾನೆ. ಪ್ರವಾಸಿಗರ ಬಸ್ಸು ಬಂದರೆ ಕಸೂತಿಯ ನಿಲುವಂಗಿ ತೊಟ್ಟು, ತಲೆಗೆ ಪಟ್ಟಿ ಕಟ್ಟಿ, ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾನೆ. ನಲವತ್ತೆಂಟು ವರ್ಷದ ದಷ್ಟಪುಷ್ಟ ಗಂಡಸು. ಪುಟ ನೋಡಿ ಅವನು ಉಳಿ ಕೆಳಗಿಟ್ಟ. ಚಾರಂಕೆಗೆ ಕೂರು, ಮೇಷ್ಟ್ರನ್ನು ಕರೆ ಎಂದು ಅವಳು ಹೇಳಿದಳು.

ಚಾರಂಕೆ ಎಂದರೆ ಐನುಗಳು ವ್ಯಾಜ್ಯ ಬಗೆಹರಿಸುವ ರೀತಿ. ಕತ್ತಿ ಬೇಡ, ಕೋರ್ಟು ಬೇಡ. ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂರುತ್ತಾರೆ. ಒಬ್ಬ ಮಾತಾಡಿ ಮುಗಿಸುವವರೆಗೆ ಇನ್ನೊಬ್ಬ ನಡುವೆ ಬಾಯಿ ಹಾಕುವಂತಿಲ್ಲ. ದಿನಗಟ್ಟಲೆ ನಡೆದರೂ ನಡೆಯಿತು. ಸಿಟ್ಟಿಗೆದ್ದು ದನಿ ಏರಿಸಿದವನು ಸೋತ. ಉತ್ತರ ಹೊಳೆಯದೆ ಮೌನವಾದವನೂ ಸೋತ. ಸೋತವನು ಗೆದ್ದವನು ಕೇಳಿದ್ದನ್ನು ಕೊಟ್ಟು ತಪ್ಪು ತೀರಿಸಬೇಕು. ಅದು ಗಂಡಸರ ಕೆಲಸ. ಸುಸುಬೆತ್ಸುವಿನಲ್ಲಿ ಅದು ನಡೆದು ನಲವತ್ತು ವರ್ಷದ ಮೇಲಾಗಿತ್ತು.

“ಹಬ್ಬ ಒಂದು ಮುಗೀಲಿ ಅಕ್ಕ, ಆಮೇಲೆ ನೋಡೋಣ,” ಎಂದ ತೊಮೆಜಿ.

“ಆಮೇಲೆ ಏನ್ ನೋಡ್ತೀಯೋ? ಮಕ್ಕಳ ಕೈಗೆ ಹೋದ್ಮೇಲೆ ಬಾಯಿಪಾಠ ಮಾಡಿಸ್ತಾರೆ. ನಿನಗೆ ಮಾಡಿಸ್ಲಿಲ್ವಾ?”

ತೊಮೆಜಿ ಅರ್ಧ ಕೆತ್ತಿದ ಕರಡಿಯನ್ನು ಪಕ್ಕಕ್ಕೆ ಸರಿಸಿ, ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿ, ಪುಟ ನೋಡದೆ, ಬಿಲ ಎಂಬಲ್ಲಿಂದ ಹಿಡಿದು ಉಪಕಾರ ಮರೆಯುವವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಮೂವತ್ತೇಳು ವರ್ಷದ ಹಿಂದೆ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಓಬಾತಾ ಮೇಷ್ಟ್ರು ಅವನನ್ನೇ ಎಬ್ಬಿಸಿ ನಿಲ್ಲಿಸಿ ಓದಿಸಿದ್ದರು. ಉಚ್ಚಾರ ಚೆನ್ನಾಗಿದೆ ಎಂದು ಬೆನ್ನು ತಟ್ಟಿದ್ದರಂತೆ.

“ಅವರ ಎದುರಿಗೆ ಹೋದ್ರೆ ನನಗೆ ಹನ್ನೊಂದು ವರ್ಷ ಆಗ್ಬಿಡುತ್ತೆ ಅಕ್ಕ. ನನ್ನ ಕೈಲಾಗಲ್ಲ,” ಎಂದ. ಅಂಗಡಿಯ ಜಾಗ ಪಂಚಾಯಿತಿಯದು ಎಂಬುದನ್ನೂ ಮೆಲ್ಲಗೆ ಸೇರಿಸಿದ.

ಹೇಡಿ ಎನ್ನಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನ ಬೆನ್ನು ಇನ್ನೂ ಶಾಲೆಯ ಹುಡುಗನಂತೆ ನೆಟ್ಟಗಿರುವುದನ್ನು ಕಂಡು ನುಂಗಿಕೊಂಡಳು. “ಹೆಂಗಸು ಕೂರಬಾರ್ದು ಅಂತ ಹೇಳೋಕೆ ಇಲ್ಲಿ ಗಂಡಸರು ಯಾರಾದ್ರೂ ಉಳಿದಿದ್ರೆ ನಾಳೆ ಬೆಳಿಗ್ಗೆ ಬಂದು ಹೇಳ್ಲಿ,” ಎಂದು ಎದ್ದಳು.

ಹೇಳಲು ಯಾರೂ ಬರಲಿಲ್ಲ. ಆಗಸ್ಟ್ ಮೂವತ್ತೊಂದರ ಬೆಳಿಗ್ಗೆ ಅವಳು ಅಜ್ಜಿಯ ಕಸೂತಿಯ ನಿಲುವಂಗಿ ತೊಟ್ಟು, ಅಜ್ಜಿಯ ನೀಲಿ ಮಣಿಸರ ಹಾಕಿಕೊಂಡು ಸಮುದಾಯ ಭವನಕ್ಕೆ ನಡೆದಳು. ಅಲ್ಲಿ ಹಬ್ಬದ ತಯಾರಿ ನಡೆದಿತ್ತು. ಪುಸ್ತಕದ ಕಟ್ಟುಗಳನ್ನು ಗೋಡೆಯುದ್ದಕ್ಕೂ ಪೇರಿಸಿದ್ದರು. ಐದಾರು ಹೆಂಗಸರು, ಪಂಚಾಯಿತಿಯ ಗುಮಾಸ್ತ, ಓಬಾತಾ ಮೇಷ್ಟ್ರು ಸೇರಿ ಅವುಗಳಿಗೆ ಕೆಂಪು ದಾರ ಕಟ್ಟುತ್ತಿದ್ದರು. ಮಿಸಾವೊ ಬಾಗಿಲಲ್ಲಿ ನಿಂತು, ನಿಮ್ಮ ಜೊತೆ ಚಾರಂಕೆಗೆ ಬಂದಿದ್ದೇನೆ, ಈ ಪುಸ್ತಕ ನನ್ನ ಅಜ್ಜಿಯ ಮೇಲೆ ಅಪವಾದ ಹೊರಿಸಿದೆ ಎಂದು ಮೇಷ್ಟ್ರಿಗೆ ಹೇಳಿದಳು.

ಮೇಷ್ಟ್ರ ಮುಖ ಅರಳಿತು. ನಿಜವಾಗಿಯೂ ಅರಳಿತು. “ಚಾರಂಕೆ! ಕಣ್ಣಾರೆ ಕಂಡೋರೇ ಈಗ ಯಾರೂ ಇಲ್ವಲ್ಲ ಮಿಸಾವೊ ಅವರೇ,” ಎಂದು, ಶಾಲೆಯ ಟೇಪ್ ರೆಕಾರ್ಡರ್ ತರಲು ಗುಮಾಸ್ತನನ್ನು ಓಡಿಸಿದರು. ದಾಖಲೆಯಾಗಬೇಕು, ಮುಂದಿನವರಿಗೆ ಉಳಿಯಬೇಕು ಎಂದು ತಾವೇ ಚಾಪೆ ಬಿಡಿಸಿದರು. ಸಿಟ್ಟು ಹೊತ್ತು ಬಂದವಳನ್ನು ಹೀಗೆ ಮ್ಯೂಸಿಯಮ್ಮಿನ ಸಾಮಾನಿನಂತೆ ಕೂರಿಸಿದರೆ ಹೇಗಾಗಬೇಡ? ಅವಳ ಕಿವಿಯ ತನಕ ರಕ್ತ ಏರಿತು. ದನಿ ಏರಿಸಿದರೆ ಅಲ್ಲಿಗೇ ಸೋತಂತೆ. ಅವಳು ನಾಲಿಗೆಯಿಂದ ಸವೆದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡು ಕಾದಳು. ಟೇಪು ತಿರುಗತೊಡಗಿತು. ಬಾಗಿಲ ಬಳಿ ತೊಮೆಜಿ ಬಂದು ನಿಂತಿದ್ದನ್ನು ಅವಳು ನೋಡಿದಳು. ಅವನು ಒಳಗೆ ಬರಲಿಲ್ಲ.

ಮೊದಲು ಅವಳು ತನ್ನ ದೂರು ಹೇಳಿದಳು. ಫೋಟೋ ಗೌರವಕ್ಕೆಂದು ಕೇಳಿದಿರಿ, ನಂಬಿ ಕೊಟ್ಟೆ. ಅದನ್ನು ಬಿಲ, ಗೂಡು, ರಕ್ತ ಎಂಬ ಮಾತುಗಳ ಕೆಳಗೆ ಅಂಟಿಸಿದಿರಿ. ನಾಳಿದ್ದು ಆರುನೂರು ಮನೆಗೆ ಕಳಿಸುತ್ತಿದ್ದೀರಿ. ಇದಕ್ಕೆ ಏನು ಹೇಳುತ್ತೀರಿ?

ಮೇಷ್ಟ್ರು ತಾಳ್ಮೆಯಿಂದಲೇ ಉತ್ತರಿಸಿದರು. ಪಾಠ ಹೇಳಿ ಅಭ್ಯಾಸವಾದ ದನಿ. ಆ ಮಾತುಗಳು ನನ್ನವಲ್ಲ, ಅತಿ ಹಳೆಯ ದಾಖಲೆಯವು. ಚರಿತ್ರೆಯನ್ನು ನಾನು ತಿದ್ದುವ ಹಾಗಿಲ್ಲ. ಅಲ್ಲದೆ ಅದರಲ್ಲಿ ಹೇಳಿದ ಪೂರ್ವದ ಜನ ನಿಮ್ಮ ಹಿರಿಯರೇ ಹೌದೋ ಅಲ್ಲವೋ ಎಂದು ವಿದ್ವಾಂಸರಲ್ಲೇ ಒಮ್ಮತವಿಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದರು.

“ನಮ್ಮೋರು ಹೌದೋ ಅಲ್ವೋ ನಿಮಗೇ ಗೊತ್ತಿಲ್ಲ ಅಂದ್ರೆ, ಅದರ ಕೆಳಗೆ ನಮ್ಮಜ್ಜಿ ಫೋಟೋ ಯಾಕೆ ಹಾಕಿದ್ರಿ ಮೇಷ್ಟ್ರೇ?”

ದಾರ ಕಟ್ಟುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನಾನು ಹೆಸರು ಕೇಳಿದ್ದೆ, ನೀವು ಹೇಳಲಿಲ್ಲ. ಹೆಸರಿಲ್ಲದ ಫೋಟೋವನ್ನು ಎಲ್ಲಿ ಹಾಕಬೇಕೆಂದು ನನಗೆ ಹೇಗೆ ತಿಳಿಯಬೇಕು ಎಂದು ಕೇಳಿದರು. ಈ ಮಾತು ನಾಟಿತು. ಮಿಸಾವೊ ಅಜ್ಜಿಯ ಮಣಿಸರವನ್ನು ಬೆರಳಲ್ಲಿ ಹಿಡಿದುಕೊಂಡಳು. ಮೂವತ್ತೆರಡು ವರ್ಷದಿಂದ ಯಾರ ಬಾಯಲ್ಲೂ ಬಾರದ ಹೆಸರು ಅದು. ಅಜ್ಜಿ, ತಿರುಗಿ ನೋಡಿದರೆ ನೋಡು, ಆಮೇಲೆ ಬೈದರೆ ಬೈ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

“ಇಕೊರ್ಮಾತ್,” ಎಂದಳು. “ಅವಳ ಹೆಸರು ಇಕೊರ್ಮಾತ್. ನಮ್ಮಲ್ಲಿ ಸತ್ತೋರ ಹೆಸರು ಹೇಳಲ್ಲ. ನೀವು ಮೂವತ್ತೇಳು ವರ್ಷ ಈ ಊರಲ್ಲಿ ಪಾಠ ಹೇಳಿದ್ರಿ, ನಮ್ಮ ಬಗ್ಗೆ ಪುಸ್ತಕ ಬರೀತೀರಿ, ಇಷ್ಟು ಗೊತ್ತಾಗ್ಲಿಲ್ವಾ?”

ಬಾಗಿಲ ಬಳಿ ತೊಮೆಜಿ ತಲೆಪಟ್ಟಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆಮೇಲೆ ಅವಳು ಹನ್ನೆರಡನೆಯ ಪುಟ ತೆಗೆದಳು. ಅಲ್ಲಿಯೂ ಆಸ್ಥಾನದ ದಾಖಲೆಯ ಒಂದು ಪ್ರಸಂಗವಿತ್ತು, ಮೇಷ್ಟ್ರು ಅದನ್ನು ತುಂಬ ಹುರುಪಿನಿಂದ ಬರೆದಿದ್ದರು. ಸಾವಿರದ ಮುನ್ನೂರು ವರ್ಷದ ಹಿಂದೆ ಜಪಾನಿನ ದೂತರು ಪೂರ್ವದ ಕಾಡುಜನರಲ್ಲಿ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಹಡಗು ಹತ್ತಿಸಿ ಚೀನಾದ ಚಕ್ರವರ್ತಿಗೆ ತೋರಿಸಲು ಒಯ್ದಿದ್ದರಂತೆ. ಇವರು ಧಾನ್ಯ ಬೆಳೆಯುತ್ತಾರೆಯೇ ಎಂದು ಚಕ್ರವರ್ತಿ ಕೇಳಿದನಂತೆ. ಇಲ್ಲ, ಮಾಂಸ ತಿಂದು ಬದುಕುತ್ತಾರೆ. ಇವರಿಗೆ ಮನೆಗಳಿವೆಯೇ? ಇಲ್ಲ, ಕಾಡಿನಲ್ಲಿ ಮರದ ಬುಡದಲ್ಲಿರುತ್ತಾರೆ.

“ಇಲ್ಲ ಅಂತ ಹೇಳಿದ್ದು ಯಾರು?” ಎಂದು ಮಿಸಾವೊ ಕೇಳಿದಳು.

ದೂತರು ಎಂದರು ಮೇಷ್ಟ್ರು.

“ಆ ಗಂಡಸು ಹೆಂಗಸು ಅಲ್ಲೇ ನಿಂತಿದ್ರಲ್ಲ. ಅವರು ಏನಂದ್ರು?”

ಅದು ದಾಖಲೆಯಲ್ಲಿ ಇಲ್ಲ ಎಂದರು ಮೇಷ್ಟ್ರು. ಈ ಸಲ ದನಿಯಲ್ಲಿ ಪಾಠದ ಗತ್ತು ಇರಲಿಲ್ಲ.

ಅಂದರೆ ಎದುರಿಗೇ ನಿಂತವರನ್ನು ಕೇಳದೆ, ಕರೆತಂದವರೇ ಪ್ರಶ್ನೆಗೆಲ್ಲ ಉತ್ತರ ಹೇಳಿದರು, ಅದನ್ನೇ ಬರೆದರು, ಅದನ್ನೇ ನೀವು ನಕಲು ಮಾಡಿದಿರಿ. ಒಬ್ಬರೇ ಮಾತಾಡಿದ್ದನ್ನು ನಮ್ಮಲ್ಲಿ ತೀರ್ಪು ಎನ್ನುವುದಿಲ್ಲ, ಹರಟೆ ಎನ್ನುತ್ತೇವೆ. ಇಷ್ಟು ಹೇಳಿ ಅವಳು ಮನೆಯ ವಿಷಯಕ್ಕೆ ಬಂದಳು. ನಮ್ಮ ಮುದುಕಿಯರು ಸತ್ತರೆ ಅವರಿದ್ದ ಮನೆಯನ್ನು ಅವರ ಜೊತೆ ಸುಟ್ಟು ಕಳಿಸುತ್ತಿದ್ದೆವು, ಹೆಂಗಸಿಗೆ ಆಚೆ ಲೋಕದಲ್ಲಿ ಮನೆ ಕಟ್ಟಿಕೊಳ್ಳಲು ಆಗುವುದಿಲ್ಲವಲ್ಲ ಎಂದು. ಸುಡಬಾರದೆಂದು ಕಾನೂನು ಮಾಡಿದವರು ನಿಮ್ಮವರು. ಮನೆಯೇ ಇಲ್ಲದ ಜನಕ್ಕೆ ಮನೆ ಸುಡಬೇಡಿ ಎಂದು ಯಾರಾದರೂ ಕಾನೂನು ಮಾಡುತ್ತಾರೆಯೇ? ಇಕೊರ್ಮಾತ್ ಸತ್ತಾಗ ಒಂದು ಸಣ್ಣ ಗುಡಿಸಲು ಕಟ್ಟಿ, ಅದನ್ನು ಸುಟ್ಟೆವು. ಪೊಲೀಸಿನವನು ಬಂದು ನಮ್ಮ ಹೆಸರು ಬರೆದುಕೊಂಡು ಹೋದ.

ಮೇಷ್ಟ್ರು ತಲೆಯಾಡಿಸಿ, ಮನೆಯ ವಿಷಯದಲ್ಲಿ ನಿಮ್ಮ ಮಾತು ಸರಿ ಎಂದು ಒಪ್ಪಿದರು. ಅಡಿಟಿಪ್ಪಣಿ ಸೇರಿಸಬಹುದಿತ್ತು, ಆದರೆ ಪುಸ್ತಕ ಅಚ್ಚಾಗಿಬಿಟ್ಟಿದೆ. ಇನ್ನು ಆಹಾರ, ರಕ್ತ ಎಂಬುದೆಲ್ಲ ಬೇಟೆಗಾರ ಜನರ ಬಗ್ಗೆ ಎಲ್ಲ ದೇಶಗಳಲ್ಲೂ ಹೇಳುವ ಸಾಮಾನ್ಯ ಮಾತು. ಅದನ್ನು ಅಪವಾದ ಎಂದುಕೊಳ್ಳಬೇಕಾಗಿಲ್ಲ. ಬೇಟೆಯವರು ಬಿಸಿರಕ್ತ ಬಾಯಿಗೆ ಹಾಕಿಕೊಳ್ಳುವುದು ಸುಳ್ಳೇನೂ ಅಲ್ಲವಲ್ಲ ಎಂದು ಹೇಳಿ, ಒಂದ್ನಿಮಿಷ ಚಹಾ ತರಿಸೋಣವೇ ಎಂದರು.

ಆ ಚಹಾದ ಮಾತಿಗೆ ಮಿಸಾವೊಗೆ ಎದ್ದು ಆ ಟೋಪಿಯನ್ನು ಕಿತ್ತು ಕಿಟಕಿಯಿಂದ ಎಸೆಯಬೇಕು ಎನ್ನಿಸಿತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದಳು, ಫೋಟೋದಲ್ಲಿ ಅಜ್ಜಿ ಹಿಡಿದಂತೆ. ಹೆರಿಗೆ ಮನೆಯ ಮಾತು ಹೆರಿಗೆ ಮನೆಯಲ್ಲೇ. ಬಾಯಿ ಬಿಟ್ಟೀಯೆ ಜೋಕೆ. ಹೆಸರು ಹೇಳಿ ಒಂದು ಕಟ್ಟಳೆ ಮುರಿದಾಗಿತ್ತು. ಇನ್ನೊಂದನ್ನು ಮುರಿಯುವ ಮೊದಲು ಅವಳು ಅಜ್ಜಿಯನ್ನು ಕೇಳಲಿಲ್ಲ.

“ಬೇಡ ಮೇಷ್ಟ್ರೇ, ಚಹಾ ಬೇಡ,” ಎಂದಳು. ದನಿ ತಗ್ಗಿಯೇ ಇತ್ತು. “ನಮ್ಮಜ್ಜಿ ಸತ್ತಾಗ ನಿಮ್ಮ ತಾಯಿ ಬಂದಿದ್ರು. ಫೆಬ್ರವರಿ ತಿಂಗಳು, ಮೊಣಕಾಲು ಹಿಮ. ಬೇಲಿ ಆಚೆ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದ್ರು. ಕರ್ಕೊಂಡು ಬಂದಿದ್ದು ನೀವೇ. ರಸ್ತೇಲಿ ನಿಂತಿದ್ರಿ. ನೆನಪಿದೆಯಾ?”

ಮೇಷ್ಟ್ರು ಹೌದೆಂದರು. ಈ ಮುದುಕಿಗೆ ಯಾಕೆ ಇಷ್ಟು ಎಂದು ಅಂದು ದಾರಿಯುದ್ದಕ್ಕೂ ಕೇಳಿದ್ದೆ, ತಾಯಿ ಹೇಳಲಿಲ್ಲ ಎಂದರು.

“ಅವರು ಹೇಳ್ಲಿಲ್ಲ. ನಮ್ಮಜ್ಜೀನೂ ಹೇಳ್ಬೇಡ ಅಂದಿದ್ಲು. ನೀವು ಹುಟ್ಟಿದ್ದು ಜನವರಿ ಹಿಮದಲ್ಲಿ. ಡಾಕ್ಟರು ಇದ್ದಿದ್ದು ಪೇಟೆಲಿ, ದಾರಿ ಮುಚ್ಚಿತ್ತು. ನಿಮ್ಮಪ್ಪ ನಮ್ಮ ಹಿತ್ತಿಲಿಗೆ ಓಡಿ ಬಂದ್ರು. ನಮ್ಮಜ್ಜಿ ಬಂದಾಗ ನಿಮ್ಮ ಕುತ್ತಿಗೆಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿದ್ದಿತ್ತು. ಮೈಯೆಲ್ಲ ನೀಲಿ. ಉಸಿರಿಲ್ಲ. ಮಗು ಹೋಯ್ತು, ತಾಯಿ ಉಳಿಸು ಅಂದ್ರಂತೆ ನಿಮ್ಮಪ್ಪ.”

ಅವಳು ಪುಸ್ತಕವನ್ನು ಹನ್ನೊಂದನೆಯ ಪುಟಕ್ಕೆ ತೆರೆದು ಅವರ ಮೊಣಕಾಲ ಮುಂದಿಟ್ಟಳು. ಅಜ್ಜಿಯ ಬಾಯಿಯ ಮೇಲೆ ಬೆರಳಿಟ್ಟಳು.

“ಈ ಬಾಯಿ ನಿಮ್ಮ ಮೂಗಿನ ಮೇಲೆ, ಬಾಯಿ ಮೇಲೆ ಇಟ್ಟು, ಒಳಗೆ ಕಟ್ಟಿದ್ದ ರಕ್ತ, ಲೋಳೆ ಎಲ್ಲ ಹೀರಿ ಹೀರಿ ಉಗಿದ್ಲು. ನೀವು ಅಳೋತನಕ. ಹೌದು ಮೇಷ್ಟ್ರೇ, ನಿಮ್ಮ ಪುಸ್ತಕ ಹೇಳೋದು ನಿಜ. ಇವಳ ಬಾಯಲ್ಲಿ ರಕ್ತ ಇತ್ತು. ಅದು ನಿಮ್ಮದು. ಉಪಕಾರ ಮರೆಯೋ ಜನ ಯಾರು ಅಂತ ಈಗ ನೀವೇ ಹೇಳಿ.”

ಮಿಸಾವೊ ನಿಲ್ಲಿಸಿದಳು. ಈಗ ಅವರ ಸರದಿ.

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಅವರ ಕಣ್ಣು ಫೋಟೋದಿಂದ ಮೇಲೇಳಲಿಲ್ಲ. ದಾರ ಕಟ್ಟುವವರು ಕೈ ನಿಲ್ಲಿಸಿದ್ದರು. ಟೇಪು ತಿರುಗುತ್ತಲೇ ಇತ್ತು. ಅವರು ಏನಾದರೂ ಹೇಳಲಿ ಎಂದು ಅವಳು ನಿಜವಾಗಿಯೂ ಕಾದಳು, ಕಾಯುವುದು ನಿಯಮ. ಕೊನೆಗೆ ಟೇಪು ಮುಗಿದು, ತುದಿ ಬಿಚ್ಚಿಕೊಂಡು ಪಟಪಟ ಬಡಿಯತೊಡಗಿತು. ಗುಮಾಸ್ತ ಓಡಿಹೋಗಿ ನಿಲ್ಲಿಸಿದ. ಆಗಲೂ ಮೇಷ್ಟ್ರು ಸುಮ್ಮನೇ ಕೂತಿದ್ದರು.

“ನೀವು ಸೋತ್ರಿ,” ಎಂದಳು ಮಿಸಾವೊ.

ಮೇಷ್ಟ್ರು ಟೋಪಿ ತೆಗೆದು ಪಕ್ಕಕ್ಕಿಟ್ಟು ಚಾಪೆಗೆ ಹಣೆ ಹಚ್ಚಿದರು.

“ಬಗ್ಗೋದು ಬೇಡ. ದಿನಾ ಎಲ್ಲರಿಗೂ ಬಗ್ತೀರಿ. ಪೆನ್ನು ತಗೊಳ್ಳಿ.”

ಅವಳು ಕೇಳಿದ್ದು ಇಷ್ಟೇ. ಫೋಟೋದ ಕೆಳಗಿನ ಸಾಲನ್ನು ಹೊಡೆದುಹಾಕಬೇಕು. ಅಲ್ಲಿ ಅಜ್ಜಿಯ ಹೆಸರು, ಅವಳ ಕೆಲಸ, ಅವಳು ಯಾರನ್ನು ಬದುಕಿಸಿದಳು ಎಂಬುದನ್ನು ಮೇಷ್ಟ್ರು ತಮ್ಮ ಕೈಯಾರೆ ಬರೆಯಬೇಕು. ಒಂದು ಪ್ರತಿಯಲ್ಲಲ್ಲ, ಆರುನೂರ ನಲವತ್ತರಲ್ಲೂ. ಗುಮಾಸ್ತ ಅಡ್ಡಬಂದು, ಪುಸ್ತಕ ಪಂಚಾಯಿತಿಯ ಆಸ್ತಿ, ಅಧ್ಯಕ್ಷರನ್ನು ಕೇಳಬೇಕು ಎಂದ. ಮೇಷ್ಟ್ರು ಅವನ ಕಡೆ ನೋಡದೆ, ಕಟ್ಟುಗಳನ್ನು ಬಿಚ್ಚಲು ಹೇಳಿದರು. ಯಾರೂ ಏಳಲಿಲ್ಲ. ಆಗ ತೊಮೆಜಿ ಹೊಸ್ತಿಲು ದಾಟಿ ಒಳಗೆ ಬಂದ. ಸೊಂಟದಿಂದ ಉಳಿ ತೆಗೆದು ಮೊದಲ ಕಟ್ಟಿನ ಕೆಂಪು ದಾರ ಕತ್ತರಿಸಿದ. ಪುಸ್ತಕವನ್ನು ಹನ್ನೊಂದನೆಯ ಪುಟಕ್ಕೆ ತೆರೆದು ತನ್ನ ಮೇಷ್ಟ್ರ ಮುಂದಿಟ್ಟ.

ಎರಡು ದಿನ ಹಿಡಿಯಿತು. ಮಿಸಾವೊ ಎದುರಿಗೇ ಕೂತಿದ್ದಳು. ಪ್ರತಿಯೊಂದನ್ನೂ ಓದಿ ನೋಡಿ ಪಕ್ಕಕ್ಕೆ ಸರಿಸಿದಳು. ‘ಇಕೊರ್ಮಾತ್. ಸೂಲಗಿತ್ತಿ. ಈ ಪುಸ್ತಕ ಬರೆದವನು ಉಸಿರಾಡುತ್ತಿರುವುದು ಇವಳಿಂದ.’ ನಾಲ್ಕುನೂರು ದಾಟುವಾಗ ಮೇಷ್ಟ್ರ ಬೆರಳು ಊದಿಕೊಂಡಿತು. ಅವಳು ನಿಲ್ಲಿಸಿ ಎನ್ನಲಿಲ್ಲ. ಅವರೂ ನಿಲ್ಲಿಸಲಿಲ್ಲ.

ಹಬ್ಬದ ದಿನ ನಾತ್ಸುಕೊ ತನ್ನ ಪ್ರತಿಯನ್ನು ಎದೆಗೆ ಒತ್ತಿಕೊಂಡು ಮನೆಗೆ ಬಂದಳು. ಮಿಸಾವೊ ಒಲೆಯ ಬೆಂಕಿಗೆ ಒಂದಿಷ್ಟು ಮದ್ಯ ಎರೆದು, ಎರಡು ಕಟ್ಟಳೆ ಮುರಿದದ್ದಕ್ಕೆ ಅಜ್ಜಿಯ ಕ್ಷಮೆ ಕೇಳುತ್ತಿದ್ದಳು. ಇನ್ನು ಸಿಟ್ಟು ಇಳಿಯಿತೇ ಎಂದು ತೊಮೆಜಿ ಕೇಳಿದ.

“ಯಾಕೆ ಇಳೀಬೇಕು?” ಎಂದಳು. “ಚೀನಾಕ್ಕೆ ಕರ್ಕೊಂಡು ಹೋಗಿದ್ದ ಆ ಗಂಡಸು ಹೆಂಗಸು ಏನಂದ್ರು ಅಂತ ಇನ್ನೂ ಯಾರೂ ಹೇಳಿಲ್ಲ.”

ಮರುದಿನ ಬೆಳಿಗ್ಗೆ ಅವಳು ಬಾಗಿಲ ಬಳಿ ಕೂತು ನಾರು ಸೀಳುತ್ತಿದ್ದಳು.